ಸೊನ್ನೆಯ ನಂತರದ ಒಂಬತ್ತು ದಿನ

ಗೂಡು ಎಂಬ ಸೇನಾ ಪೋಸ್ಟಿನ ಸೀಮೆಎಣ್ಣೆ ನಾಲ್ಕು ದಿನಕ್ಕೆ ಮಾತ್ರ ಸಾಲುತ್ತದೆ ಎಂದು ವಿಮಲಾ ಹುದ್ದಾರ ಅವರಿಗೆ ಗೊತ್ತಾದಾಗ ಬೆಳಗಿನ ಹತ್ತು ಗಂಟೆ. ಚಹಾದ ಲೋಟವನ್ನು ಕೆಳಗಿಟ್ಟು ಪರದೆಯನ್ನು ಇನ್ನೊಮ್ಮೆ ನೋಡಿದರು. ಗೂಡಿನ ಹೆಸರಿನ ಮುಂದೆ ಹಸಿರು ದೀಪವೇ ಉರಿಯುತ್ತಿತ್ತು. ಅದೇ ಅವರನ್ನು ಹೆಚ್ಚು ಹೆದರಿಸಿದ್ದು. ಕೆಂಪು ದೀಪವಿದ್ದಿದ್ದರೆ ಕೋಣೆಯಲ್ಲಿದ್ದ ಆರು ಜನರೂ ಕುರ್ಚಿ ಸರಿಸಿ ಎದ್ದಿರುತ್ತಿದ್ದರು.

ಗೂಡು ಇದ್ದದ್ದು ಅಲ್ಲಿಂದ ಎರಡು ಸಾವಿರ ಕಿಲೋಮೀಟರ್ ದೂರದ ಹಿಮಗಡಿಯಲ್ಲಿ. ವಿಮಲಾ ಕುಳಿತಿದ್ದದ್ದು ಧಾರವಾಡದ ಆಚೆಗಿನ ಎರೆಭೂಮಿಯ ನಡುವೆ ಕಟ್ಟಿದ ಪೂರೈಕೆ ಡಿಪೊದಲ್ಲಿ. ಗೂಡಿನಲ್ಲಿ ಹದಿನೇಳು ಜನ ಸೈನಿಕರು, ಬಹುಪಾಲು ಇದೇ ಸೀಮೆಯ ಹುಡುಗರು. ದಿನಕ್ಕೆ ಮೂವತ್ತು ಲೀಟರ್ ಸೀಮೆಎಣ್ಣೆ ಅವರಿಗೆ ಬೇಕು. ಅಲ್ಲಿ ಸೀಮೆಎಣ್ಣೆ ಎಂದರೆ ಬರೀ ಬೆಂಕಿಯಲ್ಲ, ನೀರೂ ಅದೇ. ಹಿಮ ಕರಗಿಸದೆ ಒಂದು ಗುಟುಕು ನೀರು ಸಿಗುವುದಿಲ್ಲ.

ಅಂದು ಸಂಜೆಯಿಂದ ಹಿಮಗಾಳಿ ಶುರುವಾಗಿ ಹದಿನಾಲ್ಕು ದಿನ ಬೀಸಲಿದೆ ಎಂದು ಹವಾಮಾನದವರು ಹೇಳಿದ್ದರು. ಅದು ಶುರುವಾಗುವ ಮುಂಚೆ ತಪ್ಪಲಿನ ನೆಲೆಯಿಂದ ಮೂರು ಸರಕು ಡ್ರೋನ್‌ಗಳು ಒಂದೊಂದು ಸಲ ಹಾರಬಹುದು. ಒಂದೊಂದರಲ್ಲಿ ನೂರ ನಲವತ್ತು ಲೀಟರ್. ಆ ಸಾಲಿನಲ್ಲಿ ಎಣ್ಣೆ ಬೇಡಿದ್ದ ಪೋಸ್ಟುಗಳು ಎರಡು: ಗೂಡು, ಮತ್ತು ಅದರಿಂದ ಮೂರು ಕಿಲೋಮೀಟರ್ ಆಚೆಯ ಬೆಟ್ಟದ ಏಣಿನ ಮೇಲಿನ ಹೆಗಲು. ಗೂಡು ಕೇಳಿದ್ದು ಮುನ್ನೂರು ಲೀಟರ್. ಹೆಗಲು ಕೇಳಿದ್ದು ಆರುನೂರು, ಅದೂ ಅತಿ ತುರ್ತು ಎಂದು. ಹಂಚಿಕೆ ಮಾಡುವ ಯಂತ್ರ ಸಂಚಯ ಒಂದು ಡ್ರೋನನ್ನು ಗೂಡಿಗೂ ಎರಡನ್ನು ಹೆಗಲಿಗೂ ಹಂಚಿ ಎರಡರ ಮುಂದೆಯೂ ಹಸಿರು ದೀಪ ಹಚ್ಚಿತ್ತು.

ಸಂಚಯ ಎಂಬ ಈ ಯಂತ್ರ ಬಂದು ಆರು ವರ್ಷವಾಗಿತ್ತು. ಅಕ್ಕಿ, ಬೇಳೆ, ಎಣ್ಣೆ, ಔಷಧ, ಉಣ್ಣೆಯ ಕಾಲುಚೀಲ, ಯಾವುದು ಎಲ್ಲಿಗೆ ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ಅದೇ. ಪ್ರತಿ ಪೋಸ್ಟಿನ ಉಗ್ರಾಣದ ನೆಲಕ್ಕೂ ತೂಕದ ಹಾಸು ಹಾಸಿದ್ದರು. ಅಲ್ಲಿ ಒಬ್ಬ ಸೈನಿಕ ಒಂದು ಡಬ್ಬಿ ಎತ್ತಿದರೆ ಇಲ್ಲಿ ಪರದೆಯ ಮೇಲಿನ ಅಂಕಿ ಇಳಿಯುತ್ತಿತ್ತು. ಆದರೆ ತೂಕ ನೋಡಿದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲವಲ್ಲ. ಬುದ್ಧಿ ಬಂದದ್ದು ಹಳೆಯ ಪುಸ್ತಕಗಳಿಂದ. ಸೈನ್ಯದ ಎಂಬತ್ತು ವರ್ಷಗಳ ಉಗ್ರಾಣದ ರಿಜಿಸ್ಟರುಗಳನ್ನು ಅದಕ್ಕೆ ಉಣಿಸಿದ್ದರು. ಹಾಗೆ ಉಣಿಸಿದ ಹನ್ನೆರಡು ಜನರಲ್ಲಿ ವಿಮಲಾ ಒಬ್ಬರು. ನಾಲ್ಕು ವರ್ಷ ಬೆಳಗಿನಿಂದ ಸಂಜೆಯವರೆಗೆ ಗೆದ್ದಲು ತಿಂದ ಹಾಳೆ ತಿರುವಿ ಟೈಪು ಮಾಡಿದ್ದರು. ಹೇಸರಗತ್ತೆಗಳ ಕಾಲದ ಪುಸ್ತಕಗಳೂ ಅದರಲ್ಲಿದ್ದವು. ಯಾವುದೋ ಕಣಿವೆಯಲ್ಲಿ ಯಾವನೋ ಒಬ್ಬ, 'ಚಂಪಾಗೆ ಜ್ವರ, ನನ್ನ ಪಾಲಿನ ಬೆಲ್ಲ ಕೊಟ್ಟೆ' ಎಂದು ಪುಟದ ಅಂಚಿನಲ್ಲಿ ಬರೆದಿದ್ದ. ಚಂಪಾ ಒಂದು ಹೇಸರಗತ್ತೆ. ವಿಮಲಾ ಆ ಸಾಲನ್ನು ಎರಡು ಸಲ ಓದಿ, ಟೈಪು ಮಾಡದೆ ಮುಂದಕ್ಕೆ ಹೋಗಿದ್ದರು. ಅದು ಪೆನ್ಸಿಲಿನಲ್ಲಿತ್ತು. ಪೆನ್ಸಿಲಿನಲ್ಲಿದ್ದದ್ದು ಸರಕಾರಿ ದಾಖಲೆಯಲ್ಲ, ಶಾಯಿಯಲ್ಲಿದ್ದದ್ದನ್ನು ಮಾತ್ರ ಬರೆಯಿರಿ ಎಂದು ಮೇಲಿನವರ ಆಜ್ಞೆಯಾಗಿತ್ತು.

ಅವರು ಗೂಡಿನ ಹಸಿರು ದೀಪದ ಮೇಲೆ ಬೆರಳಿಟ್ಟು ಕಾರಣ ಕೇಳಿದರು. ಸಂಚಯ ಉತ್ತರ ಬರೆಯಿತು.

'ಕೈಯಲ್ಲಿರುವುದು 120 ಲೀಟರ್. ಕಳಿಸುವುದು 140. ಒಂಬತ್ತನೆಯ ದಿನ ಸೊನ್ನೆ. ಸೊನ್ನೆಯ ನಂತರ ಉಳಿವು: ಸರಾಸರಿ ಒಂಬತ್ತು ದಿನ. ಆಧಾರ: 2,316 ದಾಖಲೆಗಳು. ಅಪಾಯವಿಲ್ಲ.'

ವಿಮಲಾ ಆ ಹಾಳೆಯನ್ನು ಪ್ರಿಂಟ್ ತೆಗೆದುಕೊಂಡು ಮಹಡಿ ಹತ್ತಿದರು. ಮೊಣಕಾಲು ನೋಯುತ್ತಿದ್ದುದರಿಂದ ಕಂಬಿ ಹಿಡಿದೇ ಹತ್ತಬೇಕಾಯಿತು.

ಡಿಪೊದ ಮುಖ್ಯಸ್ಥೆ ಮೇಜರ್ ಶಾಲ್ಮಲಿ ಅರಸ್ ಮೈಸೂರಿನ ಕಡೆಯವರು. ಮೂವತ್ತೆಂಟರ ಹೆಣ್ಣುಮಗಳು. ವಿಮಲಾ ಬಂದದ್ದು ಕಂಡು ತಾವೇ ಎದ್ದು ಕುರ್ಚಿ ಎಳೆದು ಕೊಟ್ಟರು.

"ಕೂತ್ಕೊಳ್ಳಿ ಅಮ್ಮ. ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ."

"ಇದನ್ನ ನೋಡ್ರಿ ಮೇಡಂ. ಎಣ್ಣಿ ಮುಗದ ಮ್ಯಾಲೆ ಒಂಬತ್ತು ದಿನ ಬದಕತಾರ ಅಂತ ಬರದೈತಿ."

ಮೇಜರ್ ಓದಿದರು. "ಇದು ಮೊದಲಿನಿಂದಲೂ ಇರೋ ನಿಯಮ. ಪೋಸ್ಟುಗಳು ಸೊನ್ನೆ ಅಂತ ವರದಿ ಕಳಿಸಿದ ಮೇಲೂ ಎಲ್ಲಾ ಕಡೆ ಜನ ಉಳಿದಿದ್ದಾರೆ. ಎರಡು ಸಾವಿರದ ಮುನ್ನೂರ ಹದಿನಾರು ಸಲ."

"ಹೆಂಗ ಉಳದ್ರು ಅಂತ ಬರದೈತೇನ್ರಿ?"

"ಇಲ್ಲ." ಮೇಜರ್ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿ ಏನಾದರೂ ಇರಬಹುದೆಂಬಂತೆ. "ಹೇಗೆ ಉಳಿದ್ರು?"

ವಿಮಲಾಗೆ ಉತ್ತರ ಅರ್ಧ ಗೊತ್ತಿತ್ತು. ಅರ್ಧ ಗೊತ್ತಿದ್ದದ್ದನ್ನು ಕಚೇರಿಯಲ್ಲಿ ಹೇಳಿ ಅಭ್ಯಾಸವಿರಲಿಲ್ಲ. "ಡ್ರೋನ್ ಎಷ್ಟಕ್ಕ ಹೊಂಡತಾವ್ರಿ?"

"ನಾಲ್ಕಕ್ಕೆ. ಮೂರಕ್ಕೆ ಡಬ್ಬಿ ತುಂಬೋಕೆ ಶುರು ಮಾಡ್ತಾರೆ. ನಾನು ಕೈಯಿಂದ ಹಂಚಿಕೆ ಬದಲಾಯಿಸಬಹುದು. ಆದರೆ ಗೂಡಿಗೆ ಹೆಚ್ಚು ಕೊಟ್ಟರೆ ಹೆಗಲಿನ ಇಪ್ಪತ್ತೆರಡು ಜನರಿಂದ ಕಿತ್ತುಕೊಂಡ ಹಾಗೆ. ಅವರ ಹಾಸಿನ ಮೇಲೂ ನೂರೇ ಲೀಟರ್ ಇರೋದು. ನನಗೊಂದು ಆಧಾರ ಬೇಕು, ಅಮ್ಮ."

"ಊಟಕ್ಕ ಮನಿಗೆ ಹೋಗಿ ಬರತೀನ್ರಿ" ಎಂದರು ವಿಮಲಾ. ಮೇಜರ್‌ಗೆ ಅದು ವಿಚಿತ್ರವಾಗಿ ಕಂಡಿರಬೇಕು. ಆದರೂ ಏನೂ ಕೇಳದೆ ತಮ್ಮ ಜೀಪಿನ ಚಾಲಕನಿಗೆ ಹೇಳಿ ಕಳಿಸಿದರು.

ಮನೆ ಡಿಪೊದ ಹಿಂದಿನ ಕ್ವಾರ್ಟರ್ಸಿನಲ್ಲಿತ್ತು. ಧನಪಾಲ ಹುದ್ದಾರ ಅಡುಗೆಮನೆಯಲ್ಲಿ ಕಡಲೆಹಿಟ್ಟಿನ ಜುಣಕ ತಿರುವುತ್ತಿದ್ದರು. ಮೂವತ್ತೊಂದು ವರ್ಷ ಸೈನ್ಯದ ಉಗ್ರಾಣ ನೋಡಿಕೊಂಡು ಸುಬೇದಾರರಾಗಿ ನಿವೃತ್ತರಾದವರು. ಈಗ ಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿಕೊಂಡು ಅಡುಗೆ ಮಾಡುತ್ತಿದ್ದರು. ಹೆಂಡತಿ ಜೀಪಿನಲ್ಲಿ ಬಂದದ್ದು ಕಂಡು ಒಲೆ ಸಣ್ಣದು ಮಾಡಿದರು.

"ಮೈಯಾಗ ಆರಾಮ ಇಲ್ಲೇನು?"

"ಆರಾಮ ಇದ್ದೀನಿ. ಒಂದು ಕೇಳತೀನಿ, ಖರೇ ಹೇಳ್ರಿ. ನೀವು ಉಗ್ರಾಣದ ಪುಸ್ತಕದಾಗ ಪೆನ್ಸಿಲಿನ್ಯಾಗ ಏನ ಬರೀತಿದ್ರಿ?"

ಧನಪಾಲರು ನಕ್ಕರು. "ಮೂವತ್ತು ವರ್ಷ ಆದ ಮ್ಯಾಲೆ ಕೇಳಾಕತ್ತೀ? ಶಾಯಿ ಸಾಹೇಬ್ರಿಗೆ, ಪೆನ್ಸಿಲು ನಮಗ. ಶಾಯಿಯೊಳಗ ಐವತ್ತು ಡಬ್ಬಿ ಅಂತ ಇದ್ರ ಪೆನ್ಸಿಲಿನ್ಯಾಗ ಅರವತ್ತು ಇರ್ತಿತ್ತು. ಮ್ಯಾಲಿನ ಹತ್ತು ಎಲ್ಲಿ ಹುಗದೀವಿ ಅಂತ ಒಂದು ಗುರುತು. ಬದಲಿ ಬಂದವ ಅದನ್ನ ನೋಡಿ ತಿಳಕೋತಿದ್ದ."

"ಎಲ್ಲಾರೂ ಹಂಗ ಮಾಡ್ತಿದ್ರೇನು?"

"ಮಾಡದಾಂವನ್ನ ನಾ ನೋಡಿಲ್ಲ. ಅದು ಕಳ್ಳತನ ಅಲ್ಲ ಮತ್ತ, ಹಂಗ ತಿಳೀಬ್ಯಾಡ. ಒಂದು ಹನಿ ಮಾರಲಿಲ್ಲ ಯಾರೂ." ಅವರ ದನಿ ಸ್ವಲ್ಪ ಬಿಗಿಯಾಯಿತು. "ಒಂದು ಚಳಿಗಾಲದಾಗ ಹೆಲಿಕಾಪ್ಟರ್ ಹನ್ನೊಂದು ದಿನ ಬರಲಿಲ್ಲ. ಪುಸ್ತಕದಾಗ ಸೊನ್ನಿ ಅಂತ ಬರದು ಸಹಿ ಮಾಡಿ ವಾಯರ್‌ಲೆಸ್ಸಿನ್ಯಾಗ ತಿಳಿಸಿದೆ. ಆಮ್ಯಾಲೆ ಹೋಗಿ ಗ್ವಾಡಿ ಹಿಂದಿನ ಡಬ್ಬಿ ಅಗದು ತಗದೆ. ಒಂಬತ್ತು ಮಂದಿ ಇದ್ವಿ. ಸೊನ್ನಿ ಅಂತ ಹೇಳಿದ್ರ ಮ್ಯಾಲಿನವ್ರು ಓಡಿ ಬರ್ತಾರ, ಅವ್ರು ಬರೂತನಕ ಇದು ಕೈಹಿಡೀತೈತಿ. ಖರೇ ಸೊನ್ನಿ ಆಗೂತನಕ ಕಾಯಾಂವ ಉಗ್ರಾಣಿ ಅಲ್ಲ."

ವಿಮಲಾ ಕಟ್ಟೆಯ ಮೇಲೆ ಕುಳಿತರು. ಕೈಯಲ್ಲಿದ್ದ ಹಾಳೆಯನ್ನು ಗಂಡನ ಕಡೆ ಚಾಚಿದರು. ಧನಪಾಲರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಓದಿ ಮುಗಿಸಿ ಒಲೆ ಆರಿಸಿದರು.

"ಪೆನ್ಸಿಲಿಂದು ನೀವು ಯಂತ್ರಕ್ಕ ಹೇಳಲೇ ಇಲ್ಲೇನು?"

"ಶಾಯಿಯಾಗಿದ್ದಷ್ಟ ಬರೀರಿ ಅಂದಿದ್ರು."

"ಹಂಗಾದ್ರ ಅದಕ್ಕ ತಿಳದದ್ದು, ಎಣ್ಣಿ ಇಲ್ಲದನೂ ಮನಶಾ ಒಂಬತ್ತು ದಿನ ಇರ್ತಾನ ಅಂತ."

ಆಮೇಲೆ ಧನಪಾಲರೇ ಸಮಾಧಾನ ಹೇಳುವವರಂತೆ, "ಗೂಡಿನ ಉಗ್ರಾಣಿ ಯಾರು? ಅಂವನೂ ಎಲ್ಲೆರ ಹುಗದಿಟ್ಟಿರ್ತಾನ, ಚಿಂತಿ ಮಾಡಬ್ಯಾಡ" ಎಂದರು.

"ಅಡಿವೆಪ್ಪ ಮುಗಳಿ. ಅಂವ ಇಟ್ಟಿಲ್ಲ." ವಿಮಲಾ ಸೆರಗಿನಿಂದ ಮುಖ ಒರೆಸಿಕೊಂಡರು. "ನಾನ ಕಲಿಸೀನಿ ಅವನಿಗೆ."

ಎರಡು ವರ್ಷದ ಹಿಂದೆ ಹೊಸ ಉಗ್ರಾಣಿಗಳಿಗೆ ಡಿಪೊದಲ್ಲಿ ತರಬೇತಿ ನಡೆದಿತ್ತು. ಹಾಸು ಹೇಗೆ ಕೆಲಸ ಮಾಡುತ್ತದೆ, ಬೇಡಿಕೆ ಹೇಗೆ ಬರೆಯಬೇಕು ಎಂದು ಹೇಳಿಕೊಡುವ ಕೆಲಸ ವಿಮಲಾ ಅವರದು. ಹವಾಲ್ದಾರ್ ಅಡಿವೆಪ್ಪ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಎರಡನೆಯ ದಿನ ಅವರ ಪಾದ ಬಾತಿರುವುದನ್ನು ನೋಡಿ ಹೊರಗೆ ಹೋಗಿ ಒಂದು ಖಾಲಿ ಬಿಸ್ಕತ್ತಿನ ಪೆಟ್ಟಿಗೆ ತಂದು ಕಾಲಿಡಲು ಮೇಜಿನ ಕೆಳಗೆ ಇಟ್ಟಿದ್ದ. ಆಮೇಲೆ ದಿನವೂ ಅದು ಅಲ್ಲಿರುತ್ತಿತ್ತು. ಕೊನೆಯ ದಿನ ಅವನೇ ಕೇಳಿದ್ದ: "ಹೊರಗ ಒಂದೆರಡು ಡಬ್ಬಿ ಇಟ್ಕೋಬಾರದೇನ್ರಿ ಅಕ್ಕಾರ, ಕಷ್ಟಕ್ಕ ಬೇಕು ಅಂತ?" ವಿಮಲಾ, "ಒಂದು ಡಬ್ಬಿನೂ ಹಾಸಿನ ಹೊರಗ ಇಡಬ್ಯಾಡಪಾ. ನೀ ಖರೇ ಹೇಳು, ಉಳದದ್ದು ಅದು ನೋಡಕೋತೈತಿ" ಎಂದಿದ್ದರು. ಅವನು ಪುಸ್ತಕದಲ್ಲಿ ಬರೆದುಕೊಂಡಿದ್ದ.

"ಹೆಗಲಿನ್ಯಾಗ ಯಾರದಾರ?" ಎಂದರು ಧನಪಾಲ.

"ಇಮಾಮಸಾಬ್ರು. ಆರುನೂರು ಲೀಟರ್ ಕೇಳ್ಯಾರ."

ಧನಪಾಲರ ಮುಖದಲ್ಲಿ ಒಂದು ಕ್ಷಣ ನಗೆ ಬಂದು ಹೋಯಿತು. ಸುಬೇದಾರ್ ಇಮಾಮಸಾಬ ನದಾಫ ಧನಪಾಲರ ಕೈಕೆಳಗೆ ಕಲಿತವರು. ನಿವೃತ್ತಿಯ ವಯಸ್ಸು ಏರಿಸಿದ್ದರಿಂದ ಐವತ್ತಾರನೆಯ ವರ್ಷದಲ್ಲೂ ಹಿಮದಲ್ಲಿದ್ದರು. "ಅವನ ಹತ್ರ ಇದ್ದೇ ಇರ್ತೈತಿ. ಆರುನೂರು ಕೇಳ್ಯಾನಂದ್ರ ಐನೂರು ಹುಗದಿಟ್ಟಾನ ಅಂತ ತಿಳಿ."

"ನೀವು ಕೇಳ್ರಿ ಅವರನ್ನ."

"ನಾ ಕೇಳಿದ್ರ ಹುಕುಂ ಆಗ್ತೈತಿ, ವಿಮಲಾ. ಅಂವ ಇಲ್ಲ ಅನ್ನೂದಿಲ್ಲ. ಲೈನಿನ್ಯಾಗ ಆಡಿದ್ದೆಲ್ಲ ರೆಕಾರ್ಡ್ ಆಗ್ತೈತಿ. ಲೆಕ್ಕಕ್ಕಿಲ್ಲದ ಸಾಮಾನು ಇಟ್ಟಾನಂತ ವಿಚಾರಣೆ ನಡದೀತು, ಪೆನ್ಶನ್ನಿಗೆ ಪೆಟ್ಟು ಬಿದ್ದೀತು. ಇನ್ನ ಹದಿನಾಲ್ಕು ತಿಂಗಳು ಉಳದಾವ ಅವಂದು." ಅವರು ರೊಟ್ಟಿಯ ಮೇಲೆ ಜುಣಕ ಹಾಕಿ ಹೆಂಡತಿಯ ಕೈಗೆ ಕೊಟ್ಟರು. "ನೀನ ಕೇಳು. ಬ್ಯಾಡ ಅನ್ನಾಕ ಅವನಿಗೆ ದಾರಿ ಇರಲಿ."

ವಿಮಲಾ ಒಂದು ತುತ್ತು ತಿಂದು ಉಳಿದದ್ದನ್ನು ಚಾಲಕನಿಗೆ ಕೊಟ್ಟು ಜೀಪು ಹತ್ತಿದರು.

ಎರಡೂವರೆಗೆ ಹೆಗಲಿನ ಲೈನು ಸಿಕ್ಕಿತು. ಮೇಜರ್ ಪಕ್ಕದಲ್ಲಿ ಕುಳಿತಿದ್ದರು. ಗಾಳಿಯ ಸದ್ದಿನ ನಡುವೆ ಇಮಾಮಸಾಬರ ದನಿ ದೊಡ್ಡದಾಗಿಯೇ ಬಂತು. ಗುರುವಿನ ಹೆಂಡತಿಯನ್ನು ಅವರು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು.

"ಯಾರು, ವೈನೀನಾ? ಏನ್ರೀ ವೈನಿ, ಸಾಹೇಬ್ರಿಗೆ ಬಿಟ್ಟು ನಮಗ ಫೋನ್ ಮಾಡಾಕತ್ತೀರಿ? ಮನ್ಯಾಗ ಅಡಿಗಿ ಯಾರದು ಈಗ, ಅವರದ?"

"ಅವರದ. ಡಬ್ಬಿಗೆಲ್ಲಾ ಚೀಟಿ ಅಂಟಿಸ್ಯಾರ."

"ಉಪ್ಪಿಗೂ ಸಹಿ ಮಾಡಿಸಿಕೊಂಡು ಕೊಡ್ತಾರೇನು? ನಮಗಂತೂ ಹಂಗ ಕೊಡ್ತಿದ್ರು."

ವಿಮಲಾಗೆ ನಗಲಾಗಲಿಲ್ಲ. "ಇಮಾಮಸಾಬ್ರ, ಈ ಲೈನು ರೆಕಾರ್ಡ್ ಆಗ್ತೈತಿ. ಮೇಜರ್ ಮೇಡಂ ಇಲ್ಲೇ ಕುಂತಾರ. ಅದನ್ನ ತಿಳಕೊಂಡು ಉತ್ತರ ಕೊಡ್ರಿ. ಕೊಡಾಕ ಆಗಲಿಲ್ಲಂದ್ರ ಗಾಳಿಯಾಗ ಕೇಳಸಲಿಲ್ಲ ಅನ್ರಿ, ನಾ ಫೋನ್ ಇಡತೀನಿ."

ಆ ಕಡೆಯಿಂದ ಬರೀ ಗಾಳಿ.

"ನಿಮ್ಮ ಪೆನ್ಸಿಲಿನ ಅಂಕಿ ಎಷ್ಟೈತ್ರಿ?"

ಮೇಜರ್ ತಲೆಯೆತ್ತಿ ವಿಮಲಾರನ್ನು ನೋಡಿದರು. ಅವರಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ. ಇಮಾಮಸಾಬರಿಗೆ ಆಗಿತ್ತು. ಅವರು ಕೇಳಿದರು: "ಯಾರಿಗೆ ಬೇಕಾಗೇತ್ರಿ?"

"ಗೂಡಿಗೆ. ಅಡಿವೆಪ್ಪನ ಹತ್ರ ಹಾಸಿನ ಮ್ಯಾಲೆ ಇದ್ದಷ್ಟ ಐತಿ."

"ಹೊರಗ ಒಂದೂ ಇಟ್ಟಿಲ್ಲ?"

"ಇಲ್ಲ."

"ಹುಚ್ಚ ಅದಾನೇನ್ರಿ ಅಂವ?"

"ನಾನ ಹಂಗ ಕಲಿಸೀನ್ರಿ ಇಮಾಮಸಾಬ್ರ."

ಯಾರೋ ಅವರನ್ನು ಕರೆದದ್ದು, ಅವರು ತಡೆಯೋ ಎಂದದ್ದು ಕೇಳಿಸಿತು.

"ಇಪ್ಪತ್ತೈದು ಡಬ್ಬಿ" ಎಂದರು ಇಮಾಮಸಾಬ. "ಐನೂರು ಲೀಟರ್. ಹಿಂದಿನ ಬಂಕರಿನ ಗ್ವಾಡಿ ಆಚೆ, ಹಿಮದಾಗ. ಹಾಸಿನ ಮ್ಯಾಲೆ ನೂರು. ದಿನಕ್ಕ ನಲವತ್ತು ಹಿಡದ್ರ ಹದಿನೈದು ದಿನ ಆತು. ನಮಗ ಸಾಕು ಅಂತ ಬರಕೋರಿ. ಮೂರೂ ಡ್ರೋನು ಅವ್ರಿಗೆ ಕಳಸ್ರಿ."

ಮೇಜರ್ ಹೆಗಲಿನ ಬೇಡಿಕೆಯ ಮುಂದೆ ಸೊನ್ನೆ ಎಂದು ಒತ್ತಿದರು. ಸಂಚಯ ಅದನ್ನು ತೆಗೆದುಕೊಳ್ಳಲಿಲ್ಲ. 'ಈ ನಮೂದು ಸಾಧ್ಯವಿಲ್ಲ. ಮತ್ತೆ ಪರಿಶೀಲಿಸಿ' ಎಂದಿತು. ಎಂಬತ್ತು ವರ್ಷಗಳ ಪುಸ್ತಕಗಳಲ್ಲಿ ಯಾವ ಪೋಸ್ಟೂ ಹಿಮಗಾಳಿಯ ಮುಂಚೆ ನಮಗೆ ಸಾಕು ಎಂದು ಬರೆದ ಉದಾಹರಣೆ ಅದಕ್ಕೆ ಸಿಕ್ಕಿರಲಿಲ್ಲ. ಮೇಜರ್ ಎರಡು ಸಲ ಒತ್ತಿ, ಬಿಟ್ಟು, ಕೈಹಂಚಿಕೆಯ ಫಾರಂ ತೆಗೆದರು. ಎರಡು ಡ್ರೋನು ಪೂರ್ತಿ ಗೂಡಿಗೆ. ಮೂರನೆಯದರಲ್ಲಿ ಇಪ್ಪತ್ತು ಲೀಟರ್ ಗೂಡಿಗೆ, ನೂರ ಇಪ್ಪತ್ತು ಹೆಗಲಿಗೆ.

ಕಾರಣ ಎಂಬ ಜಾಗದಲ್ಲಿ ಅವರ ಪೆನ್ನು ನಿಂತಿತು. ಇಮಾಮಸಾಬರ ಹೆಸರು ಅಲ್ಲಿ ಬಂದರೆ ಫಾರಂ ನೇರ ಮೇಲಿನ ಕಚೇರಿಗೆ ಹೋಗುತ್ತದೆ. ರೆಕಾರ್ಡಿಂಗನ್ನು ಯಾರೂ ತಾವಾಗಿ ಕೇಳುವುದಿಲ್ಲ, ಕೇಳಬೇಕೆಂದು ಯಾರಾದರೂ ಬರೆದರೆ ಮಾತ್ರ. ಮೇಜರ್ 'ಮುಖ್ಯಸ್ಥರ ವಿವೇಚನೆ' ಎಂದು ಬರೆದು ಸಹಿ ಹಾಕಿದರು. ಹೆಚ್ಚುಕಡಿಮೆಯಾದರೆ ಇನ್ನು ಅವರ ತಲೆಯ ಮೇಲೆಯೇ. ವಿಮಲಾ ಅವರ ಭುಜ ಮುಟ್ಟಿದರು. ಆ ಹೊತ್ತಿಗೆ ಅದು ಅವರಿಗೂ ಒಳ್ಳೆಯದೆಂದೇ ಕಂಡಿತ್ತು.

ಮೊದಲ ಎರಡು ಡ್ರೋನುಗಳು ಗೂಡು ಮುಟ್ಟಿದವು. ಮೂರನೆಯದು ಗಾಳಿಗೆ ಸಿಕ್ಕಿ ಅರ್ಧ ದಾರಿಯಿಂದ ಹಿಂದಿರುಗಿತು. ಐದೂವರೆಗೆ ಲೈನು ಹೋಯಿತು. ಗೂಡಿನ ಹಾಸಿನ ಅಂಕಿ ಮಾತ್ರ ಉಪಗ್ರಹದ ಮೂಲಕ ಬರುತ್ತಿತ್ತು. ನಾನೂರು.

ನಾನೂರೆಂದರೆ ಹದಿಮೂರು ದಿನ. ಹದಿನಾಲ್ಕಕ್ಕೆ ಒಂದು ದಿನ ಕಡಿಮೆ. ಅದನ್ನು ಹೇಗೋ ಸುಧಾರಿಸುತ್ತಾರೆ ಎಂದು ವಿಮಲಾ ಅಂದುಕೊಂಡರು.

ಆ ದಿನಗಳಲ್ಲಿ ಅವರ ಮನೆಯಲ್ಲಿ ಗ್ಯಾಸು ಹಚ್ಚುವಾಗಲೆಲ್ಲ ಒಂದು ಕ್ಷಣ ಕೈ ತಡೆಯುತ್ತಿತ್ತು. ಬಿಸಿನೀರಿನ ಸ್ನಾನ ಮಾಡಲು ಮನಸ್ಸಾಗುತ್ತಿರಲಿಲ್ಲ. ಧನಪಾಲರು ಅದನ್ನು ಗಮನಿಸಿ ತಾವೇ ನೀರು ಕಾಯಿಸಿ ಬಕೆಟ್ಟನ್ನು ಬಚ್ಚಲಲ್ಲಿಟ್ಟು, "ನೀ ತಣ್ಣೀರು ಹಾಕ್ಕೊಂಡ್ರ ಅವ್ರಿಗೇನ ಬೆಚ್ಚಗಾಗಂಗಿಲ್ಲ" ಎನ್ನುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ವಿಮಲಾ ಪರದೆಯ ಮುಂದೆ ಕುಳಿತಿರುತ್ತಿದ್ದರು. ಮುನ್ನೂರ ಎಪ್ಪತ್ತು. ಮುನ್ನೂರ ನಲವತ್ತು. ಐದನೆಯ ದಿನದಿಂದ ಅಂಕಿ ಇಳಿಯುವುದು ನಿಧಾನವಾಯಿತು, ದಿನಕ್ಕೆ ಮೂವತ್ತರ ಬದಲು ಇಪ್ಪತ್ನಾಲ್ಕು. ಅಡಿವೆಪ್ಪ ಎಲ್ಲರನ್ನೂ ಒಂದೇ ಕೋಣೆಗೆ ಸೇರಿಸಿ ಒಂದು ಒಲೆ ಆರಿಸಿದ್ದಾನೆ ಎಂದು ಅವರು ಊಹಿಸಿದರು. ನೀರೂ ಅಳೆದು ಕುಡಿಯುತ್ತಿರಬೇಕು. ಎರಡು ಸಾವಿರ ಕಿಲೋಮೀಟರ್ ಆಚೆಯ ಒಬ್ಬ ಮನುಷ್ಯನ ಎಚ್ಚರಿಕೆ ಹೀಗೆ ಒಂದು ಅಂಕಿಯಲ್ಲಿ ಕಾಣುತ್ತಿತ್ತು.

ಹದಿನಾಲ್ಕನೆಯ ದಿನ ಗಾಳಿ ನಿಲ್ಲಲಿಲ್ಲ. ಹವಾಮಾನದವರು ಇನ್ನೆರಡು ದಿನ ಎಂದರು. ಹದಿನಾರನೆಯ ದಿನವೂ ಇನ್ನೆರಡು ದಿನ ಎಂದರು. ಅಂದು ಬೆಳಿಗ್ಗೆ ಗೂಡಿನ ಅಂಕಿ ಸೊನ್ನೆಯಾಗಿತ್ತು.

ದೀಪ ಹಸಿರೇ ಇತ್ತು. 'ಸೊನ್ನೆಯ ನಂತರ ಉಳಿವು: ಒಂಬತ್ತು ದಿನ.'

ಮೇಜರ್ ಕೆಳಗಿಳಿದು ಬಂದು ವಿಮಲಾ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತರು. ಹೆಲಿಕಾಪ್ಟರಿಗೆ ಕೇಳಿಯಾಗಿತ್ತು, ಆಗುವುದಿಲ್ಲ ಎಂಬ ಉತ್ತರವೂ ಬಂದಾಗಿತ್ತು. ಮಾಡಲು ಏನೂ ಉಳಿದಿರಲಿಲ್ಲ. ಆದರೂ ಯಾರೂ ಮನೆಗೆ ಹೋಗುವ ಮಾತೆತ್ತಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಾತ ಕೇಳದೆಯೇ ಎಲ್ಲರಿಗೂ ಚಹಾ ತಂದಿಟ್ಟು ಹೋದ. ಸಂಜೆ ಬಂದು ತಣ್ಣಗಾದ ಲೋಟಗಳನ್ನು ತೆಗೆದುಕೊಂಡು ಹೋದ.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಅಂಕಿ ಬದಲಾಯಿತು. ವಿಮಲಾ ಮೊದಲು ನಂಬಲಿಲ್ಲ, ಕನ್ನಡಕ ತೆಗೆದು ನೋಡಿದರು. ಇಪ್ಪತ್ತು. ಒಂದು ನಿಮಿಷದ ನಂತರ ನಲವತ್ತು. ಆಮೇಲೆ ಅರವತ್ತು.

'ಹಾಸಿನ ದೋಷ' ಎಂದು ಬರೆಯಿತು ಸಂಚಯ. 'ಯಾವ ಹಾರಾಟವೂ ದಾಖಲಾಗಿಲ್ಲ. ಭಾರ ಬಂದಿರಲು ಸಾಧ್ಯವಿಲ್ಲ.'

"ನಿಜವಾಗ್ಲೂ ದೋಷಾನಾ ಅಮ್ಮ?" ಮೇಜರ್ ಕುರ್ಚಿ ಹತ್ತಿರ ಎಳೆದುಕೊಂಡರು.

"ಅಲ್ರಿ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಅವು ಡಬ್ಬಿ." ವಿಮಲಾ ಪರದೆಯ ಮೇಲೆ ಬೆರಳಿಟ್ಟರು. "ಯಾರೋ ಒಬ್ಬೊಬ್ಬರಾಗಿ ತಂದು ಇಡಾಕತ್ತಾರ."

ಹತ್ತೊಂಬತ್ತನೆಯ ದಿನ ಆಕಾಶ ತಿಳಿಯಾಯಿತು. ಡ್ರೋನುಗಳು ಹಾರಿದವು, ಲೈನೂ ಬಂತು. ಅಡಿವೆಪ್ಪನ ದನಿ ಒಣಗಿ ಹೋಗಿತ್ತು.

"ಅಕ್ಕಾರ, ಹದಿನೇಳೂ ಮಂದಿ ಅದೀವ್ರಿ. ಸೊನ್ನಿ ಆದ ಮ್ಯಾಲೆ ಒಂದೂವರೆ ದಿನ ಹೆಂಗ ಕಳದ್ವಿ ಅನ್ನೂದು ಕೇಳಬ್ಯಾಡ್ರಿ. ಇನ್ನೊಂದು ಬೆಳಗ ಕಾಣತಿರಲಿಲ್ಲ ನಾವು. ಗಾಳಿ ಸ್ವಲ್ಪ ಕಡಿಮಿ ಆದಾಗ ಹೆಗಲಿನಿಂದ ನದಾಫ ಸಾಹೇಬ್ರು ಬಂದ್ರು. ಅವ್ರ ಜೋಡಿ ಮೂರು ಹುಡುಗ್ರು, ಹಗ್ಗ ಕಟಗೊಂಡು, ಬೆನ್ನ ಮ್ಯಾಲೆ ಡಬ್ಬಿ ಹೊತಗೊಂಡು. ಮೂರು ಕಿಲೋಮೀಟರಿಗೆ ಆರು ತಾಸು ಹಿಡೀತ್ರಿ. ಒಬ್ಬ ಹುಡುಗನ ಎರಡು ಕಾಲ್ಬೆರಳು ಉಳಿಯಂಗಿಲ್ಲ ಅಂತ ಡಾಕ್ಟರ್ ಅಂದಾರ."

"ಅವರಿಗೆ ಉಳದಿತ್ತೇನೋ ಎಣ್ಣಿ?"

"ಅಳದು ಉರಿಸಿ ಒಂದೂವರೆ ದಿನದ್ದು ಉಳಿಸಿದ್ರಂತ್ರಿ. ಅದನ್ನ ತಂದಿದ್ರು."

ವಿಮಲಾ ಫೋನ್ ಇಟ್ಟ ಮೇಲೆ ಕೋಣೆಯಲ್ಲಿದ್ದವರು ಒಬ್ಬರಿಗೊಬ್ಬರು ಕೈ ಕುಲುಕಿದರು. ಮೇಜರ್ ಕಣ್ಣೊರೆಸಿಕೊಂಡು ಹೊರಗೆ ಹೋಗಿ ಮನೆಗೆ ಫೋನ್ ಮಾಡಿದರು. ವಿಮಲಾ ಅಭ್ಯಾಸದಂತೆ ಗೂಡಿನ ದೀಪದ ಮೇಲೆ ಬೆರಳಿಟ್ಟು ಕಾರಣ ಕೇಳಿದರು. ಪರದೆಯ ಮೇಲೆ ಉತ್ತರ ಬಂತು.

'ಗೂಡು: ಹಾಸಿನ ದೋಷ ಕೈಬಿಡಲಾಗಿದೆ. ಸೊನ್ನೆ ತಲುಪಿದ ನಂತರವೂ ಹದಿನೇಳು ಜನ ಉಳಿದಿದ್ದಾರೆ. ನಿಯಮ ದೃಢಪಟ್ಟಿದೆ. ಆಧಾರ: 2,317 ದಾಖಲೆಗಳು.'

ಅವರು ಮೇಜರ್ ಬರುವವರೆಗೆ ಕಾದರು. ಓದಿಸಿದರು. ಮೇಜರ್ ನಿಂತಲ್ಲೇ ಎರಡು ಸಲ ಓದಿದರು.

"ನಾನು ಫಾರಮ್ಮಿನಲ್ಲಿ ಅವರ ಹೆಸರು ಬರೀಲಿಲ್ಲ. ಅವರಿಗೆ ತೊಂದರೆ ಆಗಬಾರದು ಅಂತ."

"ನನಗೂ ಅದ ಬೇಕಾಗಿತ್ರಿ. ಹಿಂದಿನವ್ರೂ ಹಂಗ ಮಾಡ್ಯಾರ. ಒಬ್ಬರಿಗೊಬ್ಬರು ಒಳ್ಳೇದು ಮಾಡಿ ಅದನ್ನ ಯಾರಿಗೂ ಹೇಳದ ಮುಚ್ಚಿಟ್ಟಾರ." ವಿಮಲಾ ಪರದೆಯ ಅಂಕಿಯ ಮೇಲೆ ಬೆರಳಿಟ್ಟು ಹೇಳಿದರು, "ಮುಂದಿನ ಚಳಿಗಾಲದಾಗ ಹಂತಾವ್ರು ಪಕ್ಕದ ಪೋಸ್ಟಿನ್ಯಾಗ ಇರಲಿಲ್ಲಂದ್ರ?"

ಮೇಜರ್ ಕುಳಿತುಕೊಂಡರು. "ಬರೆದ್ರೆ ವಿಚಾರಣೆ ತಪ್ಪಲ್ಲ. ಅವರ ಪರವಾಗಿ ನಾನು ಹೋಗಿ ನಿಲ್ತೀನಿ. ಆದರೆ ಏನಾಗತ್ತೆ ಅಂತ ಮಾತು ಕೊಡಕ್ಕಾಗಲ್ಲ."

ಇಮಾಮಸಾಬರನ್ನು ಕೇಳದೆ ಬರೆಯಲು ವಿಮಲಾಗೆ ಮನಸ್ಸು ಬರಲಿಲ್ಲ. ಲೈನು ಸಿಗಲು ಹೊತ್ತಾಯಿತು. ಸಿಕ್ಕಾಗ ಅವರು ಇದ್ದದ್ದು ಇದ್ದಹಾಗೆ ಹೇಳಿದರು: ಯಂತ್ರಕ್ಕೆ ಏನು ತಿಳಿದಿದೆ, ಏನು ತಿಳಿದಿಲ್ಲ, ಬರೆದರೆ ಅವರಿಗೆ ಏನಾಗಬಹುದು.

ಇಮಾಮಸಾಬ ಬಹಳ ಹೊತ್ತು ಕೆಮ್ಮಿದರು. "ಮಗಳ ನರ್ಸಿಂಗು ಇನ್ನ ಒಂದು ವರ್ಷ ಐತ್ರಿ ವೈನಿ" ಎಂದರು.

"ಆ ಅಡಿವೆಪ್ಪ ಹೆಂಗ ಕುಂತಿದ್ದ ಗೊತ್ತೇನ್ರಿ" ಎಂದರು ಇಮಾಮಸಾಬ, ಬೇರೆ ಯಾವುದೋ ಮಾತು ಎತ್ತಿದಂತೆ. "ಕೊನೀ ಬಟ್ಟಲ ನೀರು ಜ್ವರ ಬಂದ ಹುಡುಗನಿಗೆ ಕುಡಸಿ, ತಾ ಖಾಲಿ ಡಬ್ಬಿಗೋಳನ್ನ ಹಾಸಿನ ಮ್ಯಾಲಿಂದ ತಗದು ಸಾಲಾಗಿ ಜೋಡಸಾಕತ್ತಿದ್ದ. ಯಾಕೋ ಅಂದ್ರ, ಸೊನ್ನಿ ಅಂತ ಅಕ್ಕಾರಿಗೆ ಕಾಣತೈತಿ, ಏನರ ಮಾಡ್ತಾರ ಅಂದ." ಗಾಳಿ ಅವರ ಮಾತನ್ನು ಸ್ವಲ್ಪ ನುಂಗಿತು. "ಬರೀರಿ. ಹುಡುಗ್ರ ಹೆಸರು ಮಾತ್ರ ಬ್ಯಾಡ, ನಾ ಹೇಳಿದ್ದಕ್ಕ ಬಂದಾರ ಅವ್ರು. ನಂದು ಬರೀರಿ."

ವಿಮಲಾ ಗೂಡಿನ ದಾಖಲೆ ತೆರೆದರು. ಮೇಜರ್ ಪಕ್ಕದಲ್ಲಿ ಕುಳಿತು ತಮ್ಮ ಗುಪ್ತಪದ ಒತ್ತಿ ಅನುಮತಿ ಕೊಟ್ಟರು. ಅರವತ್ತು ಲೀಟರ್ ಬಂದದ್ದು ಯಾವುದರಿಂದ ಎಂದು ಸಂಚಯ ಕೇಳಿತು. ಲಾರಿ, ರೈಲು, ಹೇಸರಗತ್ತೆ, ಹೆಲಿಕಾಪ್ಟರ್, ಡ್ರೋನ್, ಇತರೆ. ವಿಮಲಾ ಇತರೆ ಒತ್ತಿ ಬರೆದರು: 'ಸುಬೇದಾರ್ ಇಮಾಮಸಾಬ ನದಾಫ ಮತ್ತು ಮೂವರು, ಹೆಗಲು ಪೋಸ್ಟಿನವರು, ಬೆನ್ನ ಮೇಲೆ ಹೊತ್ತು ತಂದದ್ದು. ಹಾಸಿನ ಹೊರಗೆ ಇಟ್ಟಿದ್ದ ಎಣ್ಣೆ.'

'ಮೂಲ ಗುರುತಿಸಲಾಗಲಿಲ್ಲ' ಎಂದಿತು ಅದು.

ಅವರು ಅದನ್ನೇ ಇನ್ನೊಮ್ಮೆ ಬರೆದರು. ಮೂರನೆಯ ಸಲ ಅದು ತೆಗೆದುಕೊಂಡಿತು. ಮುಂದಿನ ಪ್ರಶ್ನೆ ಬಂತು: 'ಹೊರಗಿನ ಸಹಾಯವಿಲ್ಲದೆ ಸೊನ್ನೆಯ ನಂತರ ಉಳಿವು?'

ವಿಮಲಾ ಅಡಿವೆಪ್ಪನ ಒಣಗಿದ ದನಿಯನ್ನು ನೆನೆದು 'ಎರಡು ದಿನವೂ ಇಲ್ಲ' ಎಂದು ಬರೆದರು. ಪರದೆಯ ಮೇಲೆ ಆಧಾರದ ಅಂಕಿ 2,317ರಿಂದ 2,316ಕ್ಕೆ ಇಳಿಯಿತು.

ಹೊರಗೆ ಪಾಳಿ ಬದಲಾಗುವ ಹೊತ್ತು. ಮೇಜರ್ ಎದ್ದು ಹಳೆಯ ರಿಜಿಸ್ಟರುಗಳ ಕೋಣೆಯ ಬೀಗದ ಕೈ ತಂದು ಮೇಜಿನ ಮೇಲಿಟ್ಟರು. "ಎಷ್ಟು ದಿನ ಆಗಬಹುದು ಅಮ್ಮ, ಎಲ್ಲ ಪೆನ್ಸಿಲನ್ನೂ ಓದಿ ಬರೆಯೋಕೆ?"

"ನಾನೊಬ್ಬಾಕಿನ ಆದ್ರ ನಾಲ್ಕು ವರ್ಷರೀ."

"ಚಳಿಗಾಲ ಬರೋದಕ್ಕೆ ಎಂಟು ತಿಂಗಳಿದೆ."

"ಹಂಗಾದ್ರ ಮಂದಿ ಬೇಕು" ಎಂದರು ವಿಮಲಾ. "ಮೊದಲಿಗೆ ನಮ್ಮ ಮನಿಯವರನ್ನ ಕರೀತೀನಿ. ಅವರ ಗುರುತುಗೋಳು ಅವರಿಗೆ ಬಿಟ್ರ ಯಾರಿಗೂ ತಿಳಿಯಂಗಿಲ್ಲ." ಬೀಗದ ಕೈ ತೆಗೆದುಕೊಂಡು ಎದ್ದರು. ಎರಡು ಸಾವಿರದ ಮುನ್ನೂರ ಹದಿನಾರು ಇನ್ನೂ ಉಳಿದಿದ್ದವು.